ಗಾಳಿ ಹೋದ ಮೇಲಿನ ದಾರಿ

ನಮ್ಮ ತವರುಮನೆಯ ಹಿಂದಿನ ಗುಡ್ಡದಲ್ಲಿ ರಬ್ಬರ್ ತೋಟವಿದೆ. ದೊಡ್ಡದೇನಲ್ಲ, ಮುನ್ನೂರು ಮರ. ಸುಳ್ಯದ ಕಡೆ ಇದು ಹೊಸ ಸಂಗತಿಯೂ ಅಲ್ಲ. ಶ್ರೀಲಂಕಾದಿಂದ ಮರಳಿ ಬಂದ ತಮಿಳರಿಗೆ ಬದುಕು ಕಟ್ಟಿಕೊಡಲೆಂದು ಸರಕಾರವೇ ಬೆಳೆಸಿದ ರಬ್ಬರ್ ಕಾಡುಗಳು ನಮ್ಮ ಸುತ್ತಲೂ ಇವೆ. ಅಪ್ಪ ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚು ಕಟ್ಟಿಕೊಂಡು ಗುಡ್ಡ ಹತ್ತುತ್ತಾರೆ. ಮರದ ತೊಗಟೆಯನ್ನು ಓರೆಯಾಗಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಕೆತ್ತುತ್ತಾರೆ. ಕೆತ್ತಿದ ಗೆರೆಯುದ್ದಕ್ಕೂ ಬಿಳಿ ಹಾಲು ಜಿನುಗಿ, ಕೆಳಗೆ ತಂತಿಗೆ ಸಿಕ್ಕಿಸಿದ ಗೆರಟೆಗೆ ತೊಟ್ಟಿಕ್ಕುತ್ತದೆ. ಈಗ ಪ್ಲಾಸ್ಟಿಕ್ ಬಟ್ಟಲು ಬಂದಿದ್ದರೂ ಅಪ್ಪನ ಅರ್ಧ ತೋಟದಲ್ಲಿ ತೆಂಗಿನ ಗೆರಟೆಯೇ.

ಚಿಕ್ಕವಳಿದ್ದಾಗ ಒಮ್ಮೆ ನಾನೂ ಕತ್ತಿ ಹಿಡಿದಿದ್ದೆ. ಕೈ ಭಾರವಾಗಿ ಕತ್ತಿ ಒಳಗಿನ ಮರಕ್ಕೆ ತಾಗಿತು. ಅಪ್ಪ ಬೈಯಲಿಲ್ಲ. “ತೊಗಟೆ ಮಾತ್ರ ಕೆತ್ತಿದರೆ ಮತ್ತೆ ಬರ್ತದೆ ಮಗಾ, ಕೆಲವು ವರ್ಷ ಬಿಟ್ಟು ಅಲ್ಲಿಯೇ ಪುನಃ ಹಾಲು ತೆಗಿಬಹುದು. ಮರಕ್ಕೆ ತಾಗಿದರೆ ಆ ಜಾಗ ಗಂಟು ಕಟ್ತದೆ” ಎಂದರು. ಗಾಯದಲ್ಲಿಯೂ ಎರಡು ಬಗೆಯುಂಟು, ಒಂದು ಮಾಯುತ್ತದೆ, ಇನ್ನೊಂದು ಮಾಯುವುದಿಲ್ಲ ಎಂಬುದು ನನಗೆ ತಿಳಿದದ್ದು ಆವತ್ತು. ಎಷ್ಟೋ ವರ್ಷಗಳ ಮೇಲೆ ಕಾರಿನ ಟೈರು ಆರಿಸುವಾಗ ಆ ಮಾತು ಹೀಗೆ ಒದಗಿ ಬರುತ್ತದೆಂದು ಎಣಿಸಿರಲಿಲ್ಲ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಪಾಠ ಹೇಳುವವಳು. ನಾಲ್ಕು ವರ್ಷದ ಹಿಂದೆ ಒಂದು ಸಣ್ಣ ಕಾರು ಕೊಂಡೆ. ವಿಲಾಯತಿ ತಳಿ, ಸೆಕೆಂಡ್ ಹ್ಯಾಂಡ್, ಮೊದಲಿನವರು ಚೆನ್ನಾಗಿ ನೋಡಿಕೊಂಡಿದ್ದರು. ಮೊದಲ ಸಲ ಊರಿಗೆ ಒಯ್ದಾಗ ಅಪ್ಪ ಅದರ ಸುತ್ತ ಒಂದು ಸುತ್ತು ಬಂದು, ಡಿಕ್ಕಿ ತೆರೆದು, ಕೆಳಗಿನ ಹಾಸನ್ನೂ ಎತ್ತಿ ನೋಡಿದರು.

“ಸ್ಟೆಪ್ನಿ ಎಲ್ಲಿ ಉಂಟು?”

“ಇದಕ್ಕೆ ಸ್ಟೆಪ್ನಿ ಇಲ್ಲಪ್ಪ. ರನ್‌ಫ್ಲ್ಯಾಟ್ ಟೈರು. ಪಂಕ್ಚರ್ ಆಗಿ ಪೂರ್ತಿ ಗಾಳಿ ಹೋದರೂ ಎಂಬತ್ತು ಕಿಲೋಮೀಟರ್ ಓಡ್ತದೆ.”

ಅಪ್ಪ ಹಾಸನ್ನು ಮೊದಲಿನಂತೆಯೇ ಮಡಚದೆ ಹಾಕಿ, ಡಿಕ್ಕಿ ಮುಚ್ಚಿ ಕೇಳಿದರು: “ಎಂಬತ್ತು ಆದ ಮೇಲೆ?”

ಆ ಪ್ರಶ್ನೆಗೆ ನನ್ನಲ್ಲಿ ಆಗ ಉತ್ತರ ಇರಲಿಲ್ಲ.

ಸ್ಟೆಪ್ನಿ ಎಂಬ ಮಾತು ನಮ್ಮ ನಾಲಗೆಗೆ ಎಷ್ಟು ಹಳತೆಂದರೆ ಅದು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಅದು ಒಂದು ಬೀದಿಯ ಹೆಸರು. ವೇಲ್ಸ್ ನಾಡಿನ ಲಾನೆಲ್ಲಿ ಎಂಬ ಪಟ್ಟಣದಲ್ಲಿ ಸ್ಟೆಪ್ನಿ ಬೀದಿ ಇದೆ. ಮೊದಮೊದಲ ಮೋಟಾರು ಕಾರುಗಳಿಗೆ ಬದಲಿ ಚಕ್ರವೇ ಇರುತ್ತಿರಲಿಲ್ಲ. ದಾರಿಯಲ್ಲಿ ಗಾಳಿ ಹೋದರೆ ಅಲ್ಲಿಯೇ ಕೂತು ಟೈರು ಬಿಚ್ಚಿ, ಟ್ಯೂಬು ತೆಗೆದು, ತೇಪೆ ಹಾಕಬೇಕು. 1904ರ ಸುಮಾರಿಗೆ ಅಲ್ಲಿನ ಡೇವಿಸ್ ಸೋದರರು ಗಾಳಿ ತುಂಬಿದ ಟೈರನ್ನು ಕಡ್ಡಿಗಳಿಲ್ಲದ ಒಂದು ಬಳೆಗೆ ಕೂರಿಸಿ, ಆ ಬಳೆಯನ್ನು ಗಾಳಿ ಹೋದ ಚಕ್ರದ ಪಕ್ಕಕ್ಕೇ ಬಿಗಿಯುವ ಉಪಾಯ ಕಂಡುಹಿಡಿದರು. ತಮ್ಮ ಬೀದಿಯ ಹೆಸರನ್ನೇ ಅದಕ್ಕಿಟ್ಟರು. ಇಂಗ್ಲೆಂಡಿನವರು ಆ ಹೆಸರನ್ನು ಎಂದೋ ಮರೆತರು, ನಾವು ಉಳಿಸಿಕೊಂಡೆವು. ಹೆದ್ದಾರಿಯ ಲಾರಿ ಕ್ಲೀನರಿನಿಂದ ಹಿಡಿದು ನಮ್ಮಪ್ಪನವರೆಗೆ ಎಲ್ಲರ ಬಾಯಲ್ಲೂ ಆ ವೇಲ್ಸಿನ ಬೀದಿ ಇನ್ನೂ ಉಸಿರಾಡುತ್ತಿದೆ. ಒಂದು ಮಾತು ನೂರು ವರ್ಷ ಉಳಿಯಬೇಕಾದರೆ ಆ ವಸ್ತು ಜನಕ್ಕೆ ಅಷ್ಟು ಆಸರೆಯಾಗಿರಬೇಕು.

ಹೊಸ ಕಾರುಗಳಲ್ಲಿ ಈ ಆಸರೆ ಒಂದೊಂದಾಗಿ ಮಾಯವಾಗುತ್ತಿದೆ. ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ, ರಿಪೇರಿ ಕಿಟ್ಟು ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ನಮ್ಮ ದೇಶದ ಮೋಟಾರು ವಾಹನ ನಿಯಮವೇ 2020ರಲ್ಲಿ ಸಡಿಲವಾಯಿತು. ಸಣ್ಣ ಕಾರಿನಲ್ಲಿ ಒಂದು ಚಕ್ರದ ಜಾಗ ಅಂದರೆ ಒಂದು ಮನೆಯ ಸಾಮಾನಿನ ಜಾಗ. ಭಾರವೂ ಕಡಿಮೆ. ತಯಾರಕರ ಲೆಕ್ಕ ಅರ್ಥವಾಗುತ್ತದೆ.

ರನ್‌ಫ್ಲ್ಯಾಟ್ ಎಂದರೇನೆಂದು ತಿಳಿಯಲು ಮೊದಲು ಮಾಮೂಲಿ ಟೈರು ಏನೆಂದು ತಿಳಿಯಬೇಕು. ಕಾರಿನ ಭಾರ ಹೊರುವುದು ಟೈರಲ್ಲ, ಒಳಗಿನ ಗಾಳಿ. ರಬ್ಬರು ಆ ಗಾಳಿಯ ಪಾತ್ರೆ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದರು. ತಮ್ಮ ಮಗನ ಮೂರು ಚಕ್ರದ ಸೈಕಲ್ಲು ಕುಲುಕುವುದನ್ನು ತಪ್ಪಿಸಲೆಂದು ಅವರು ಮಾಡಿದ ಪ್ರಯೋಗ ಅದರ ಮೂಲ. ಲೋಕದ ಗಾಡಿಗಳು ಅಂದಿನಿಂದ ಗಾಳಿಯ ಮೇಲೆ ಓಡುತ್ತಿವೆ. ಆ ಗಾಳಿ ಹೋದರೆ ಟೈರಿನ ಪಕ್ಕೆ ಮಡಚಿಕೊಂಡು, ರಿಮ್ಮು ಅದರ ಮೇಲೆ ಕೂತು, ನಾಲ್ಕು ಮಾರು ಹೋಗುವಷ್ಟರಲ್ಲಿ ರಬ್ಬರು ಹರಿಯತೊಡಗುತ್ತದೆ.

ಇದಕ್ಕೆ ಉಪಾಯ ಹುಡುಕಿದವರು ಅನೇಕರು. ಡನ್ಲಪ್ ಕಂಪನಿಯೇ 1970ರ ದಶಕದಲ್ಲಿ ಡೆನೊವೊ ಎಂಬ ಟೈರು ತಂದಿತು. ರಿಮ್ಮಿನ ಮೇಲೆ ದ್ರವ ತುಂಬಿದ ಡಬ್ಬಿಗಳು ಇರುತ್ತಿದ್ದವು. ಗಾಳಿ ಹೋಗಿ ಟೈರು ಕುಸಿದಾಗ ಅವು ಒಡೆದು, ದ್ರವ ಒಳಗೆಲ್ಲ ಹರಡಿ, ರಬ್ಬರು ರಬ್ಬರಿಗೆ ಉಜ್ಜಿ ಸುಡದಂತೆ ಜಾರಿಸುತ್ತಿತ್ತು. ಅದನ್ನು ಮೊದಲಿಗೆ ಪಡೆದ ಕಾರುಗಳಲ್ಲಿ ಪುಟ್ಟ ಮಿನಿಯ 1275 ಜಿಟಿ ಮಾದರಿಯೂ ಒಂದು. ಹೀಗೆ ಸಣ್ಣ ಕಾರಿಗೂ ರನ್‌ಫ್ಲ್ಯಾಟಿಗೂ ಐವತ್ತು ವರ್ಷದ ನಂಟು. ಈಗಿನದು ಇನ್ನೂ ಸರಳ. ಟೈರಿನ ಪಕ್ಕೆಗೆ ಶಾಖ ತಡೆಯುವ ದಪ್ಪ ರಬ್ಬರಿನ ಅಸ್ತರಿ ಕೊಟ್ಟಿರುತ್ತಾರೆ. ಗಾಳಿ ಹೋದರೂ ಪಕ್ಕೆ ಮಡಚುವುದಿಲ್ಲ, ಭಾರ ಹೊತ್ತು ನಿಲ್ಲುತ್ತದೆ. ಆದರೆ ಸುತ್ತು ಸುತ್ತಿಗೂ ಬಾಗಿ ಏಳುವಾಗ ಒಳಗೆ ಬಿಸಿ ಹುಟ್ಟುತ್ತದೆ. ಅದಕ್ಕೇ ಗಂಟೆಗೆ 80 ಕಿಲೋಮೀಟರ್ ವೇಗ ಮೀರಬಾರದು, ಸಾಮಾನ್ಯವಾಗಿ 80 ಕಿಲೋಮೀಟರ್ ದೂರ ಮೀರಬಾರದು ಎಂಬ ಕಟ್ಟಳೆ.

ಕಳೆದ ವರ್ಷ ಜೂನ್ ಕೊನೆಯಲ್ಲಿ ಅಮ್ಮನಿಗೆ ಹುಷಾರಿಲ್ಲವೆಂದು ಫೋನು ಬಂತು. ಕಾಲೇಜು ಮುಗಿಸಿ, ಎಂಟು ವರ್ಷದ ಮಗಳನ್ನು ಶಾಲೆಯಿಂದ ಕರೆದುಕೊಂಡು ಹೊರಟಾಗ ಸಂಜೆ ಐದು. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯತೊಡಗಿದಾಗ ಎಂಟೂವರೆ ಮೀರಿತ್ತು. ಕೊಡಗಿನ ಮಳೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ವೈಪರು ಎಷ್ಟು ಬೀಸಿದರೂ ಗಾಜಿನ ಮೇಲೆ ನೀರಿನ ಪರದೆ, ಅದರಾಚೆ ಮಂಜು. ಒಂದು ತಿರುವಿನಲ್ಲಿ ಎಡಗಡೆ ಹಿಂದಿನಿಂದ ಧಡಕ್ಕೆಂದು ಸದ್ದಾಯಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದೆ ಹಳದಿ ದೀಪ ಹತ್ತಿತು: ಲಾಳದಂಥ ಆಕಾರ, ಅದರೊಳಗೊಂದು ಆಶ್ಚರ್ಯಸೂಚಕ ಚಿಹ್ನೆ. ನನ್ನ ಕಾರಿನಲ್ಲಿ ಈ ದೀಪ ಹತ್ತಿಸುವುದು ಚಕ್ರದ ಲೆಕ್ಕ. ಗಾಳಿ ಇಳಿದ ಚಕ್ರ ಕೊಂಚ ಕುಗ್ಗಿ, ಉಳಿದ ಮೂರಕ್ಕಿಂತ ಬೇಗ ಸುತ್ತುತ್ತದೆ. ಆ ವ್ಯತ್ಯಾಸವನ್ನು ಕಾರು ಎಣಿಸಿ ಹೇಳುತ್ತದೆ.

ನಿಲ್ಲಿಸಲು ಜಾಗವಿರಲಿಲ್ಲ. ಒಂದು ಕಡೆ ಬರೆ, ಇನ್ನೊಂದು ಕಡೆ ಕಣಿವೆ. ಮುಂದೆ ಜೋಡುಪಾಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಯನ್ನೂ ಮನೆಗಳನ್ನೂ ಕೊಚ್ಚಿಕೊಂಡು ಹೋದ ಜಾಗ ಅದು. ಮಳೆಗಾಲದಲ್ಲಿ ಅಲ್ಲಿ ಹಗಲಲ್ಲೂ ಯಾರೂ ಗಾಡಿ ನಿಲ್ಲಿಸಲು ಬಯಸುವುದಿಲ್ಲ. ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಮಗಳು ಹಿಂದಿನ ಸೀಟಿನಲ್ಲಿ ಬೆಲ್ಟಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ಮನೆಗೆ ಇನ್ನೂ ಸುಮಾರು ನಲವತ್ತು ಕಿಲೋಮೀಟರ್. ಎಂಬತ್ತರ ಭರವಸೆ ನೆನಪಾಯಿತು. ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದು, ಮೂವತ್ತರಲ್ಲಿ, ಪ್ರತಿ ತಿರುವನ್ನೂ ಕೇಳಿ ಕೇಳಿ ದಾಟುತ್ತಾ ಇಳಿದೆ. ಸಂಪಾಜೆಯ ದೀಪಗಳು ಕಂಡಾಗ ಬಿಗಿಹಿಡಿದ ಉಸಿರು ಬಿಟ್ಟೆ. ಹತ್ತೂಕಾಲಕ್ಕೆ ಅಂಗಳ ಮುಟ್ಟಿದಾಗ ಅಪ್ಪ ಕೊಡೆ, ಟಾರ್ಚು ಹಿಡಿದು ನಿಂತಿದ್ದರು. ಮಗಳಿಗೆ ಎಚ್ಚರವೇ ಆಗಿರಲಿಲ್ಲ.

ಆ ರಾತ್ರಿಯ ಋಣವನ್ನು ನಾನು ಮರೆಯುವುದಿಲ್ಲ. ಮುಂದೆ ನಾನು ಬೇರೆ ಟೈರು ಆರಿಸಿದೆನೆಂದ ಮಾತ್ರಕ್ಕೆ ಇದನ್ನು ಸಣ್ಣದು ಮಾಡಿ ಹೇಳುವುದು ಸರಿಯಲ್ಲ.

ಬೆಳಿಗ್ಗೆ ಅಪ್ಪ ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗಾಳಿಯಿಲ್ಲದ ಟೈರು ಗಾಳಿಯಿದ್ದಂತೆಯೇ ನಿಂತಿತ್ತು. ಲಾರಿಯ ಸ್ಪ್ರಿಂಗ್ ಪ್ಲೇಟಿನ ಮುರಿದ ಚೂರೊಂದು, ಎರಡು ಬೆರಳಗಲದ್ದು, ಪಟ್ಟೆಯೊಳಗೆ ಹೊಕ್ಕು ಕೂತಿತ್ತು. ಪೇಟೆಯ ಪಂಕ್ಚರ್ ಅಂಗಡಿಯವರು ಫೋನಿನಲ್ಲೇ, “ಆ ಟೈರಿನ ಪಕ್ಕೆ ಗಟ್ಟಿ, ನನ್ನ ಮೆಷಿನಿಗೆ ಬಗ್ಗುವುದಿಲ್ಲ, ಪುತ್ತೂರಿಗೆ ಹೋಗಿ” ಎಂದರು. ಪುತ್ತೂರು ಮೂವತ್ತೈದು ಕಿಲೋಮೀಟರು ದೂರ. ಎಂಬತ್ತರಲ್ಲಿ ನಲವತ್ತು ಖರ್ಚಾಗಿತ್ತು. ಉಳಿದ ನಲವತ್ತನ್ನು ನಂಬುವುದು ಬೇಡವೆಂದು ಅಪ್ಪ ಚಕ್ರ ಬಿಚ್ಚಿ ತಮ್ಮ ಜೀಪಿಗೆ ಹಾಕಿದರು. ಕಾರು ಅಂಗಳದಲ್ಲಿ ಕಲ್ಲಿನ ಮೇಲೆ ನಿಂತಿತು.

ಪುತ್ತೂರಿನ ಅಂಗಡಿಯ ಹುಡುಗ ಯಂತ್ರದ ಮೇಲೆ ಟೈರನ್ನು ಸರಳು ಕೊಟ್ಟು ಬಿಡಿಸುವಾಗ ಅವನ ಕುತ್ತಿಗೆಯ ನರ ಉಬ್ಬಿತು. ಕೊನೆಗೆ ಒಂದು ಅಂಚು ಟಪ್ಪೆಂದು ಮೇಲೆದ್ದಿತು. ಅವನು ಒಳಗೆ ಕೈಯಾಡಿಸಿ, ಅಂಗೈ ತೆರೆದು ನನ್ನ ಮುಂದೆ ಹಿಡಿದ. ಅಂಗೈ ತುಂಬ ಕಪ್ಪು ಪುಡಿ, ಕಾಫಿಪುಡಿಯ ಹಾಗೆ, ಮುಟ್ಟಿದರೆ ಅಂಟು.

“ಅಕ್ಕ, ಇದು ಪಕ್ಕೆಯೇ ಅರೆದು ಬಂದ ಪುಡಿ. ತೂತಿಗೆ ತೇಪೆ ಹಾಕಿದರೆ ಗಾಳಿ ನಿಲ್ತದೆ, ಹೊರಗಿನಿಂದ ಹೊಸತರ ಹಾಗೆಯೇ ಕಾಣ್ತದೆ. ಆದ್ರೆ ಒಳಗಿನ ಬಲ ಹೋಗಿದೆ. ನಾನು ಹಾಕಿ ಕೊಡುವುದಿಲ್ಲ.”

ತೇಪೆ ಹಾಕಿ ದುಡ್ಡು ತೆಗೆದುಕೊಂಡಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ. ಅವನು ಹಾಕಲಿಲ್ಲ. ಟೈರಿನ ಬಗ್ಗೆ ನಾನು ಓದಿದ್ದೆಲ್ಲಕ್ಕಿಂತ ಆ ಅಂಗೈಯೇ ಹೆಚ್ಚು ಕಲಿಸಿತು. ರನ್‌ಫ್ಲ್ಯಾಟು ತನ್ನನ್ನೇ ತೇಯ್ದುಕೊಂಡು ನಮ್ಮನ್ನು ಮನೆ ಮುಟ್ಟಿಸುತ್ತದೆ. ಗಾಳಿಯಿಲ್ಲದೆ ಓಡಿದ ಮೇಲೆ ಅದಕ್ಕೆ ಸಾಮಾನ್ಯವಾಗಿ ಎರಡನೇ ಬದುಕಿಲ್ಲ. ಅದೇ ಅಳತೆಯ ಹೊಸ ಟೈರು ಮಂಗಳೂರಿನಲ್ಲೂ ಸಿಗದೆ, ಮೂರನೇ ದಿನ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂತು. ಅಷ್ಟು ದಿನ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದದ್ದು ಅಪ್ಪನ ಹಳೆಯ ಜೀಪು. “ಎಂಬತ್ತು ಆದ ಮೇಲೆ?” ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ಕಾಯಬೇಕು.

ಈ ಬೇಸಿಗೆಯಲ್ಲಿ, ಆ ಒಂದು ಹೊಸತನ್ನು ಬಿಟ್ಟು ಉಳಿದ ಮೂರೂ ಟೈರು ಸವೆದು, ಪಟ್ಟೆಗಳ ನಡುವಿನ 1.6 ಮಿಲಿಮೀಟರ್ ಗುರುತಿಗೆ ಬಂದವು. ಬದಲಾಯಿಸಲೇಬೇಕು. ಮತ್ತೆ ರನ್‌ಫ್ಲ್ಯಾಟೋ, ಮಾಮೂಲಿಯೋ? ಮೈಸೂರಿನ ಟೈರು ಅಂಗಡಿಯಲ್ಲಿ ಅರ್ಧ ದಿನ ಕೂತು ಕೇಳಿ ತಿಳಿದುಕೊಂಡೆ.

ಮೊದಲನೆಯದು ರಸ್ತೆ. ನನ್ನ ಕಾರಿನದು 205/45 ಆರ್17. ಅಂದರೆ 205 ಮಿಲಿಮೀಟರ್ ಅಗಲ, ಅದರ ಶೇಕಡಾ 45ರಷ್ಟು ಪಕ್ಕೆಯ ಎತ್ತರ, 17 ಅಂಗುಲದ ರಿಮ್ಮು. ಪಕ್ಕೆ ಕೇವಲ 92 ಮಿಲಿಮೀಟರು, ಮೇಲಾಗಿ ಗಟ್ಟಿ. ಹಂಪ್ ಇಳಿದಾಗ, ಗುಂಡಿಗೆ ಬಿದ್ದಾಗ ಪೆಟ್ಟು ನೇರ ರಿಮ್ಮಿಗೂ ಬೆನ್ನಿಗೂ. ಇದೇ ಕಾರಿಗೆ 195/55 ಆರ್16 ಕೂಡ ಒಪ್ಪಿತ ಅಳತೆ. ಅದರ ಪಕ್ಕೆ 107 ಮಿಲಿಮೀಟರು. ಒಂದು ಬೆರಳಿನಷ್ಟು ಹೆಚ್ಚು ಗಾಳಿ, ಅಷ್ಟೇ ಹೆಚ್ಚು ಮೆತ್ತೆ. ಚಕ್ರದ ಒಟ್ಟು ಎತ್ತರ ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಬದಲಾಗುವುದರಿಂದ ಸ್ಪೀಡೋಮೀಟರು ಹೆಚ್ಚುಕಡಿಮೆ ಸರಿಯಾಗಿಯೇ ತೋರಿಸುತ್ತದೆ.

ಎರಡನೆಯದು ದುಡ್ಡು. ರನ್‌ಫ್ಲ್ಯಾಟಿಗೆ ಬೆಲೆ ಹೆಚ್ಚು, ಒಂದೇ ದೊಡ್ಡ ಪಂಕ್ಚರಿಗೆ ಪೂರ್ತಿ ಟೈರೇ ಹೋಗಬಹುದು. ಆದರೆ ನನ್ನ ನಿರ್ಧಾರ ಇದರ ಮೇಲೆ ನಿಂತಿರಲಿಲ್ಲ. ಮಗಳು ಹಿಂದಿನ ಸೀಟಿನಲ್ಲಿ ಮಲಗಿದ್ದ ರಾತ್ರಿಗೆ ಬೆಲೆ ಕಟ್ಟಲು ಬರುವುದಿಲ್ಲ.

ಮೂರನೆಯದು ಆ ರಾತ್ರಿಯೇ. ಮಾಮೂಲಿ ಟೈರು ಆಗಿದ್ದರೆ ಏನು ಮಾಡುತ್ತಿದ್ದೆ? ಇದನ್ನು ಅಪ್ಪನಲ್ಲಿಯೇ ಕೇಳಿದೆ. ಅವರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ತುಸು ಹೊತ್ತು ಯೋಚಿಸಿದರು.

“ಜಾಗ ಇಲ್ಲದಲ್ಲಿ ನಿಲ್ಲಿಸಬಾರದು. ಟೈರು ಹಾಳಾಗಲಿ, ರಿಮ್ಮು ಹಾಳಾಗಲಿ, ಸಮದ ಜಾಗ, ಬೆಳಕು ಸಿಕ್ಕುವವರೆಗೆ ಮೆಲ್ಲ ಮೆಲ್ಲ ಓಡಿಸುವುದು. ಒಂದು ಚಕ್ರ ಹೋದರೆ ಹೋಯ್ತು ಮಗಾ, ಎಂತ ಮಾಡುವುದು? ಜೀವಕ್ಕಿಂತ ದೊಡ್ಡದಾ ಅದು?”

ನನ್ನ ಮನಸ್ಸಿನ ಗಂಟು ಸಡಿಲವಾದದ್ದು ಈ ಮಾತಿಗೆ. ಕಳೆದುಕೊಳ್ಳಲು ಸಿದ್ಧವಿದ್ದರೆ ಯಾವ ಟೈರೂ ಅಪಾಯದಿಂದಾಚೆಗೆ ಸ್ವಲ್ಪ ದೂರ ನಮ್ಮನ್ನು ಹೊತ್ತು ದಾಟಿಸುತ್ತದೆ. ಘಾಟಿಯಲ್ಲಿ ನಮಗೆ ಬೇಕಾದದ್ದು ಹೆಚ್ಚಾಗಿ ಮುಂದಿನ ಅಗಲದ ತಿರುವಿನವರೆಗಿನ ದಾರಿ, ಒಂದು ಅಂಗಡಿಯ ಬೆಳಕಿನವರೆಗಿನ ದಾರಿ. ಅಲ್ಲಿಂದ ಮುಂದಕ್ಕೆ ಬೇಕಾದದ್ದು ಸ್ಟೆಪ್ನಿ. ಆಮೇಲೆ ಬೇಕಾದದ್ದು ಅದನ್ನು ದುರಸ್ತಿ ಮಾಡಬಲ್ಲ ಮನುಷ್ಯ. ಮೈಸೂರಿನಿಂದ ಸುಳ್ಯದವರೆಗೆ, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಯಾವ ಊರಿನ ಬಾಯಲ್ಲಿ ನೋಡಿದರೂ ಹಳೆಯ ಟೈರು ನಿಲ್ಲಿಸಿ ಸುಣ್ಣದಲ್ಲಿ ‘ಪಂಚರ್’ ಎಂದು ಬರೆದಿರುತ್ತಾರೆ. ನಮ್ಮ ರಸ್ತೆಯ ನಿಜವಾದ ಆಸರೆ ಅವರು. ಅವರ ಕೈಗೆ ಒಗ್ಗುವ ಟೈರು ನನಗೆ ಬೇಕಿತ್ತು.

ಹಾಗಾಗಿ ರಿಮ್ಮು ಸಮೇತ ಹದಿನಾರು ಅಂಗುಲದ ಮಾಮೂಲಿ ಟೈರು ಹಾಕಿಸಿದೆ, ನಾಲ್ಕೂ ಒಂದೇ ಬಗೆಯದು. ಎರಡು ಬಗೆ ಬೆರೆಸಬಾರದು, ಬೆರೆಸಿದರೆ ತಿರುವಿನಲ್ಲಿ ಕಾರು ಒಂದೊಂದು ಕಾಲಿಗೆ ಒಂದೊಂದು ರೀತಿ ನಡೆದುಕೊಳ್ಳುತ್ತದೆ. ಪಕ್ಕೆಯ ಮೇಲಿನ ನಾಲ್ಕಂಕಿ ನೋಡಿ ತಯಾರಾದ ವಾರ, ವರ್ಷ ಓದಿಕೊಂಡೆ. ಐದನೆಯ ಚಕ್ರ ಉಕ್ಕಿನ ರಿಮ್ಮಿನದು. ಅಲಾಯ್ ರಿಮ್ಮಿನ ಬೋಲ್ಟು ಉಕ್ಕಿನದಕ್ಕೆ ಸರಿಯಾಗಿ ಕೂರುತ್ತದೆಯೋ ಇಲ್ಲವೋ ಅಂಗಡಿಯಲ್ಲೇ ಬಿಗಿಸಿ ನೋಡಿದೆ. ಅದು ಅರ್ಧ ಡಿಕ್ಕಿ ಹಿಡಿಯುತ್ತದೆ, ಪಟ್ಟಿ ಬಿಗಿದು ಕಟ್ಟಿದ್ದೇನೆ. ಜೊತೆಗೆ ಜಾಕು, ಸ್ಪ್ಯಾನರು, ಬ್ಯಾಟರಿಯಿಂದ ಓಡುವ ಗಾಳಿ ಪಂಪು, ಹೊಳೆಯುವ ತ್ರಿಕೋನ. ಮೊಳೆಯ ಪಂಕ್ಚರಿನಲ್ಲಿ ಗಾಳಿ ಮೆಲ್ಲಗೆ ಇಳಿಯುತ್ತದೆ. ಹಳದಿ ದೀಪ ಮೊದಲಿನಂತೆಯೇ ಎಚ್ಚರಿಸುತ್ತದೆ, ಪಂಪಿನಲ್ಲಿ ತುಂಬಿಕೊಂಡರೆ ಬಹಳ ಸಲ ಮುಂದಿನ ಊರು ಮುಟ್ಟಬಹುದು.

ಎಲ್ಲರೂ ಹೀಗೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಜಾಕು ಹಾಕಲು ಮೈ ಒಗ್ಗದವರು, ಮಹಾನಗರದೊಳಗೇ ಓಡಾಡುವವರು, ಅಂಥ ಟೈರು ಸಿಗುವ ಅಂಗಡಿ ಎಂಬತ್ತು ಕಿಲೋಮೀಟರಿನ ಒಳಗೇ ಇರುವವರು ರನ್‌ಫ್ಲ್ಯಾಟನ್ನು ನೆಮ್ಮದಿಯಿಂದ ಆರಿಸಬಹುದು. ಅವರ ಪಾಲಿಗೆ ‘ಎಂಬತ್ತು ಆದ ಮೇಲೆ’ ಎಂಬುದೇ ಇಲ್ಲ. ನನ್ನ ದಾರಿ ಘಾಟಿಯಾಚೆಗಿನದು. ನನಗೆ ಬೇಕಾದದ್ದು ಗಾಯವಾದರೂ ಮಾಯುವ ಟೈರು, ಅಪ್ಪನ ಮರದ ತೊಗಟೆಯ ಹಾಗೆ.

ಮೊನ್ನೆ ರಜೆಗೆ ಹೋದಾಗ ಅಪ್ಪ ಅಂಗಳದಲ್ಲಿ ಚಕ್ರ ಬದಲಿಸುವುದನ್ನು ಕಲಿಸಿದರು. ಮೊದಲು ಹ್ಯಾಂಡ್‌ಬ್ರೇಕ್, ಗೇರ್, ಎದುರಿನ ಚಕ್ರಕ್ಕೆ ಕಲ್ಲು. ಕಾರು ನೆಲದ ಮೇಲಿರುವಾಗಲೇ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು, ಎತ್ತಿದ ಮೇಲೆ ಬಲ ಹಾಕಿದರೆ ಜಾಕು ಜಾರುತ್ತದೆ. ನನ್ನ ಕಾರಿನದು ನಟ್ಟಲ್ಲ, ಬೋಲ್ಟು. ಚಕ್ರವನ್ನು ಮೊಣಕಾಲ ಮೇಲೆ ಆನಿಸಿ, ತೂತಿಗೆ ತೂತು ಸೇರಿಸಿ, ಒಂದು ಬೋಲ್ಟು ಹಿಡಿಯುವವರೆಗೆ ತಾಳಬೇಕು. ಮೊದಲ ಸಲ ನಲವತ್ತು ನಿಮಿಷ ಹಿಡಿಯಿತು, ಮೂರನೆಯ ಸಲ ಹದಿನೆಂಟು.

ಬಿಚ್ಚಿದ ಬೋಲ್ಟುಗಳು ಹುಲ್ಲಿನಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವ ಕೆಲಸ ಮಗಳದು. ಅವಳು ತೋಟಕ್ಕೆ ಓಡಿ ಒಂದು ಗೆರಟೆ ತಂದಳು. ಒಳಗಡೆ ಒಣಗಿದ ರಬ್ಬರ್ ಹಾಲಿನ ತೆಳು ಪೊರೆ ಇನ್ನೂ ಅಂಟಿಕೊಂಡಿತ್ತು. ಒಂದೊಂದೇ ಬೋಲ್ಟನ್ನು ಅದರೊಳಗೆ ಇಟ್ಟು, ಅಂಗೈ ಮುಚ್ಚಿ ಹಿಡಿದು, ನಾನು ಕೈ ಚಾಚಿದಾಗ ಒಂದೊಂದಾಗಿ ಎಣಿಸಿ ಕೊಟ್ಟಳು. ಈಗ ಆ ಗೆರಟೆ ಡಿಕ್ಕಿಯಲ್ಲಿ, ಸ್ಟೆಪ್ನಿಯ ನಡುವೆ, ಜಾಕಿನ ಪಕ್ಕದಲ್ಲಿದೆ.